ಪಾಠ ಹೇಳುವವರಿಗೆ ಆಗುವ ಪಾಠ

ಮನೆಯಲ್ಲಿ ಸಂಗೀತ ಪಾಠ ಹೇಳುವ ಓದುಗರಿಂದ ಬಂದ ಪತ್ರಗಳನ್ನು ಈ ಬಾರಿ ಒಟ್ಟಿಗೆ ತೆಗೆದುಕೊಳ್ಳಲಾಗಿದೆ. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ, ಪತ್ರಗಳನ್ನು ಸಂಕ್ಷೇಪಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ಹಾಡುಗಾರಿಕೆ ಕಲಿತು ಈಗ ಮಕ್ಕಳಿಗೆ ಪಾಠ ಹೇಳುತ್ತಿದ್ದೇನೆ. ಸರಳೆ ವರಸೆ, ಜಂಟಿ ವರಸೆಗಳೆಂಬ ಆರಂಭದ ಸ್ವರಪಾಠಗಳಲ್ಲಿಯೇ ದಿನ ಕಳೆದುಹೋಗುತ್ತದೆ. ನನ್ನ ಸ್ವಂತ ಸಾಧನೆ ಹಿಂದೆ ಬೀಳುತ್ತಿದೆ ಎನಿಸುತ್ತದೆ. ಪಾಠ ಹೇಳಿದರೆ ಹೇಳುವವರ ಸಂಗೀತವೂ ಬೆಳೆಯುತ್ತದೆ ಎಂದು ಹಿರಿಯರು ಹೇಳುವುದು ನಿಜವೇ, ಇಲ್ಲವೇ ಅದು ಬರೀ ಸಮಾಧಾನದ ಮಾತೇ?

ಉತ್ತರ: ಅದು ಕೆಲವರ ಪಾಲಿಗೆ ನಿಜ, ಕೆಲವರ ಪಾಲಿಗೆ ಬರೀ ಸಮಾಧಾನ. ಶಿಷ್ಯರು ಹಾಡುವಾಗ ನೀವು ಏನನ್ನು ಕೇಳಿಸಿಕೊಳ್ಳುತ್ತೀರಿ ಎಂಬುದರ ಮೇಲೆ ಅದು ನಿಂತಿದೆ. ‘ಸರಿಯಾಯಿತು’, ‘ತಪ್ಪಾಯಿತು’ ಎಂಬ ಎರಡನ್ನು ಮಾತ್ರ ಕೇಳಿಸಿಕೊಳ್ಳುವ ಶಿಕ್ಷಕರಿಗೆ ಸರಳೆ ವರಸೆ ಎಷ್ಟು ವರ್ಷ ಹೇಳಿಕೊಟ್ಟರೂ ಅಲ್ಲಿಯೇ ಇರುತ್ತದೆ. ತಪ್ಪು ಎಲ್ಲಿಂದ ಹುಟ್ಟಿತು, ಈ ಮಗು ಇದೇ ತಪ್ಪನ್ನು ಏಕೆ ಮಾಡಿತು, ಬೇರೊಂದನ್ನು ಏಕೆ ಮಾಡಲಿಲ್ಲ ಎಂದು ವಿಚಾರಿಸುವವರಿಗೆ ಅದೇ ವರಸೆಯಲ್ಲಿ ತಾವು ಎಂದೂ ಗಮನಿಸದೆ ದಾಟಿಹೋಗಿದ್ದ ಸಂಗತಿಗಳು ಸಿಗುತ್ತವೆ. ಶಿಷ್ಯರ ತಪ್ಪುಗಳು ಸಾಮಾನ್ಯವಾಗಿ ಮನಬಂದಂತೆ ಬರುವುದಿಲ್ಲ. ಅವುಗಳಿಗೆ ಕಾರಣವಿರುತ್ತದೆ, ಆ ಕಾರಣವನ್ನು ಹುಡುಕುವ ಕೆಲಸದಲ್ಲಿ ಶಿಕ್ಷಕರ ಕಲಿಕೆ ನಡೆಯುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡೋಣ. ಮೊದಲ ಪಾಠಗಳ ರಾಗವಾದ ಮಾಯಾಮಾಳವಗೌಳದಲ್ಲಿ ‘ಗ ರಿ ಸ’ ಎಂದು ಇಳಿಯುವಾಗ ಅನೇಕ ಮಕ್ಕಳ ರಿಷಭ ಇರಬೇಕಾದುದಕ್ಕಿಂತ ಮೇಲೆ ನಿಲ್ಲುತ್ತದೆ. ‘ಶ್ರುತಿ ಸೇರಿಸಿ ಹಾಡು’ ಎಂದು ಎಷ್ಟು ಗದರಿದರೂ ಪ್ರಯೋಜನವಾಗುವುದಿಲ್ಲ, ಏಕೆಂದರೆ ಅದೇ ಮಗುವಿನ ಷಡ್ಜವೂ ಪಂಚಮವೂ ಚೆನ್ನಾಗಿಯೇ ಶ್ರುತಿ ಸೇರಿರುತ್ತವೆ. ಹನ್ನೆರಡು ಸ್ವರಸ್ಥಾನಗಳ ಲೆಕ್ಕದಲ್ಲಿ ನೋಡಿದರೆ ಷಡ್ಜದಿಂದ ಈ ರಾಗದ ಗಾಂಧಾರವಾದ ಅಂತರ ಗಾಂಧಾರಕ್ಕೆ ನಾಲ್ಕು ಹೆಜ್ಜೆಗಳ ದೂರ. ಇದರ ರಿಷಭವಾದ ಶುದ್ಧ ರಿಷಭ ಇರುವುದು ಷಡ್ಜದಿಂದ ಒಂದೇ ಹೆಜ್ಜೆಯಾಚೆ, ಗಾಂಧಾರದಿಂದ ಮೂರು ಹೆಜ್ಜೆ ಕೆಳಗೆ. ಕಿವಿಗೆ ಸಮನಾದ ಹಂತಗಳು ಹಿತ, ಆದ್ದರಿಂದ ಮಗು ಆ ನಾಲ್ಕು ಹೆಜ್ಜೆಗಳನ್ನು ತನಗರಿಯದಂತೆಯೇ ಎರಡು ಸಮಪಾಲು ಮಾಡುತ್ತದೆ. ಸಮಪಾಲಿನ ನಡುವೆ ಸಿಗುವುದು ಶುದ್ಧ ರಿಷಭಕ್ಕಿಂತ ಒಂದು ಹೆಜ್ಜೆ ಮೇಲಿರುವ ಚತುಶ್ರುತಿ ರಿಷಭ. ಅಂದರೆ ಆ ಮಗುವಿನ ಕಿವಿ ಸೋತಿಲ್ಲ. ಅದು ತನ್ನದೇ ಆದ ಒಂದು ಲೆಕ್ಕವನ್ನು ಹಾಕಿಕೊಂಡಿದೆ. ಇದು ತಿಳಿದ ಮೇಲೆ ಪಾಠದ ಕ್ರಮವೇ ಬದಲಾಗುತ್ತದೆ. ಮೊದಲು ರಿಷಭವನ್ನು ಗಾಂಧಾರದಿಂದ ಬಿಡಿಸಿ, ‘ಸ ರಿ ಸ, ಸ ರಿ ಸ’ ಎಂದು ಷಡ್ಜದ ಮಗ್ಗುಲಲ್ಲಿ ಕೂರಿಸಬೇಕು. ಗಾಂಧಾರವನ್ನು ಬೇರೆಯಾಗಿ, ತಂಬೂರಿಯ ನಾದದೊಳಗಿಂದಲೇ ಕೇಳಿಸಬೇಕು. ಚೆನ್ನಾಗಿ ಶ್ರುತಿ ಮಾಡಿದ ತಂಬೂರಿಯ ಮಂದ್ರ ತಂತಿಯಲ್ಲಿ ಕಿವಿಗೊಟ್ಟವರಿಗೆ ಅಂತರ ಗಾಂಧಾರ ತಾನಾಗಿಯೇ ಕೇಳಿಸುತ್ತದೆ. ಮೂಲ ನಾದವನ್ನು ಮೊದಲನೆಯದೆಂದು ಎಣಿಸಿದರೆ, ಅದು ಆ ತಂತಿಯಿಂದ ಹೊಮ್ಮುವ ಐದನೆಯ ಉಪಸ್ವರ. ಎರಡೂ ಸ್ವರಗಳು ತಂತಮ್ಮ ಜಾಗದಲ್ಲಿ ನಿಂತ ಬಳಿಕ ನಡುವಿನ ಆ ದೊಡ್ಡ ಅಂತರವನ್ನು ದಾಟಿಸಬಹುದು. ಇಷ್ಟನ್ನೂ ಮಾಡಿಸುವಾಗ ನಿಮ್ಮ ಸ್ವಂತ ರಿಷಭ ಪ್ರತಿಸಲವೂ ಒಂದೇ ಜಾಗಕ್ಕೆ ಬರುತ್ತಿದೆಯೇ ಎಂಬ ಪ್ರಶ್ನೆ ನಿಮ್ಮೆದುರಿಗೆ ಬಾರದೆ ಇರುವುದಿಲ್ಲ. ದೊಡ್ಡ ಕೀರ್ತನೆಗಳನ್ನು ಹಾಡುವಾಗ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಬಹುದು, ಸರಳೆ ವರಸೆಯಲ್ಲಿ ಆಗುವುದಿಲ್ಲ.

ಬಲ್ಲವರಿಗೆ ಹೇಳಿಕೊಡುವುದು ಏಕೆ ಕಷ್ಟವಾಗುತ್ತದೆ ಎಂಬುದಕ್ಕೆ 1990ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಎಲಿಜಬೆತ್ ನ್ಯೂಟನ್ ಎಂಬ ಸಂಶೋಧಕಿ ನಡೆಸಿದ ಪ್ರಯೋಗವೊಂದು ಒಳ್ಳೆಯ ಸಾಕ್ಷಿ. ಕೆಲವರು ಎಲ್ಲರಿಗೂ ಗೊತ್ತಿರುವ ಹಾಡೊಂದನ್ನು ಮನಸ್ಸಿನಲ್ಲಿ ಹಾಡಿಕೊಳ್ಳುತ್ತ ಅದರ ಲಯವನ್ನು ಮೇಜಿನ ಮೇಲೆ ಬೆರಳಿನಿಂದ ತಟ್ಟಬೇಕು, ಎದುರಿಗಿರುವವರು ಹಾಡನ್ನು ಗುರುತಿಸಬೇಕು. ಅರ್ಧದಷ್ಟನ್ನಾದರೂ ಗುರುತಿಸಿಯಾರು ಎಂದು ತಟ್ಟಿದವರು ಅಂದಾಜು ಮಾಡಿದ್ದರು. ತಟ್ಟಿದ 120 ಹಾಡುಗಳಲ್ಲಿ ಕೇಳುವವರಿಗೆ ಗುರುತು ಸಿಕ್ಕಿದ್ದು 3 ಮಾತ್ರ. ತಟ್ಟುವವರ ಒಳಗಿವಿಯಲ್ಲಿ ಇಡೀ ಹಾಡು ನಡೆಯುತ್ತಿರುತ್ತದೆ, ಎದುರಿಗಿರುವವರಿಗೆ ಸಿಗುವುದು ಬರೀ ಟಕಟಕ ಸದ್ದು. ಸಂಗೀತ ಶಿಕ್ಷಕರ ಸ್ಥಿತಿ ಇದಕ್ಕಿಂತ ಬೇರೆಯಲ್ಲ. ನೀವು ‘ಇಲ್ಲಿ ಸ್ವಲ್ಪ ಗಮಕ ಕೊಡು’ ಎಂದಾಗ ನಿಮ್ಮೊಳಗೆ ವರ್ಷಗಳ ಕೇಳ್ಮೆಯಿಂದ ಬಂದ ಆ ಗಮಕದ ಪೂರ್ಣ ರೂಪವಿರುತ್ತದೆ, ಶಿಷ್ಯರಿಗೆ ತಲುಪುವುದು ಆ ನಾಲ್ಕು ಶಬ್ದಗಳು. ಅವರು ಸುಮ್ಮನೆ ಸ್ವರವನ್ನು ಅಲ್ಲಾಡಿಸುತ್ತಾರೆ. ಆಗ ಆ ಗಮಕ ಯಾವ ಸ್ವರದಿಂದ ಹೊರಟು, ಎಲ್ಲಿ ತಾಗಿ, ಎಷ್ಟು ಹೊತ್ತು ನಿಂತು ಹಿಂದಿರುಗುತ್ತದೆ ಎಂದು ಬಿಡಿಸಿ ಹೇಳಬೇಕಾಗುತ್ತದೆ, ಹೇಳುವ ಮೊದಲು ನೀವೇ ಅದನ್ನು ನಿಧಾನವಾಗಿ ಹಾಡಿ ನೋಡಿಕೊಳ್ಳಬೇಕಾಗುತ್ತದೆ.

ಪಾಠ ಹೇಳುವುದು ಎರಡನೆಯ ದರ್ಜೆಯ ಕೆಲಸ ಎಂಬ ಭಾವನೆ ನಿಮ್ಮ ಪತ್ರದ ಹಿಂದೆ ಇರುವಂತಿದೆ. ಸಂಗೀತದ ಇತಿಹಾಸ ಅದನ್ನು ಒಪ್ಪುವುದಿಲ್ಲ. ಹನ್ನೊಂದನೆಯ ಶತಮಾನದ ಇಟಲಿಯ ಸನ್ಯಾಸಿ ಗ್ವೀಡೋ, ವರ್ಷಗಟ್ಟಲೆ ಕಲಿತರೂ ಹೊಸ ಹಾಡೊಂದನ್ನು ತಾವಾಗಿಯೇ ಹಾಡಲಾರದ ಗಾಯಕರನ್ನು ಕಂಡು ಬೇಸತ್ತು ‘ಉತ್ ರೆ ಮಿ’ ಎಂಬ ಸ್ವರಾಕ್ಷರಗಳ ಕ್ರಮವನ್ನು ರೂಪಿಸಿದ. ಜರ್ಮನಿಯ ಸಂಗೀತಕಾರ ಬಾಖ್ 1720ರಲ್ಲಿ ತನ್ನ ಒಂಬತ್ತು ವರ್ಷದ ಮಗನ ಅಭ್ಯಾಸಕ್ಕೆಂದು ಆರಂಭಿಸಿದ ಪುಸ್ತಕದಲ್ಲಿ ಬರೆದ ಸಣ್ಣ ರಚನೆಗಳನ್ನೇ 1723ರಲ್ಲಿ ತಿದ್ದಿ ‘ಇನ್ವೆನ್ಷನ್’ಗಳೆಂದು ಪ್ರತಿ ಮಾಡಿಟ್ಟ. ಇಬ್ಬರ ಕೆಲಸವೂ ಎದುರಿಗೆ ಕೂತ ಶಿಷ್ಯರ ತೊಡಕಿನಿಂದ ಹುಟ್ಟಿದ್ದು.

ಆದರೆ ನಿಮ್ಮ ಚಿಂತೆಯ ಇನ್ನೊಂದು ಭಾಗ ಪೂರ್ತಿ ನ್ಯಾಯವಾದುದು. ಪಾಠದಿಂದ ತಿಳಿವಳಿಕೆ ಬರುತ್ತದೆ, ಕಂಠಕ್ಕೆ ಸಾಧನೆ ಆಗುವುದಿಲ್ಲ. ಎರಡನ್ನೂ ಒಂದೇ ಎಂದು ತಿಳಿಯಬೇಡಿ. ಬೇರೆ ಬೇರೆ ಶಿಷ್ಯರ ಶ್ರುತಿಗೆ ತಕ್ಕಂತೆ ಹೊತ್ತುಗಟ್ಟಲೆ ಹಾಡುವುದು ಗಂಟಲಿಗೆ ಆಯಾಸವನ್ನೇ ತರುತ್ತದೆ. ಮೊದಲ ಶಿಷ್ಯರು ಬರುವ ಮುಂಚೆ, ನಿಮ್ಮ ಶ್ರುತಿಯಲ್ಲಿ, ನಿಮಗಾಗಿ ಮಾತ್ರ ಹಾಡುವ ಹೊತ್ತೊಂದನ್ನು ಇಟ್ಟುಕೊಳ್ಳಿ. ತರಗತಿಯಲ್ಲಿ ಶಿಷ್ಯರ ಜೊತೆಜೊತೆಗೇ ಹಾಡುವುದನ್ನು ಆದಷ್ಟು ಕಡಿಮೆ ಮಾಡಿ. ಒಮ್ಮೆ ಹಾಡಿ ತೋರಿಸಿ ಸುಮ್ಮನಾದರೆ ಗಂಟಲೂ ಉಳಿಯುತ್ತದೆ, ಅವರು ನಿಜವಾಗಿ ಏನು ಹಾಡುತ್ತಿದ್ದಾರೆ ಎಂಬುದೂ ಕೇಳಿಸುತ್ತದೆ. ಜೊತೆಗೆ ಹಾಡುವ ಶಿಕ್ಷಕರಿಗೆ ಕೇಳಿಸುವುದು ಹೆಚ್ಚಾಗಿ ತಮ್ಮದೇ ಧ್ವನಿ.

ಪ್ರಶ್ನೆ: ನನ್ನ ಒಬ್ಬ ಶಿಷ್ಯೆಗೆ ಸ್ವರಸ್ಥಾನ ಚೆನ್ನಾಗಿದೆ, ಆದರೆ ಲಯ ನಿಲ್ಲುವುದಿಲ್ಲ, ಓಡುತ್ತಾಳೆ. ಲಯ ತಟ್ಟುವ ಮೆಟ್ರೊನೋಮ್ ಯಂತ್ರ ಹಾಕಿ ಹಾಡಿಸಿದರೆ ಸರಿಯಾಗುತ್ತದೆ, ತೆಗೆದರೆ ಮತ್ತೆ ಅದೇ ಕಥೆ. ಏನು ಮಾಡಬೇಕು?

ಉತ್ತರ: ಮೆಲ್ಜೆಲ್ 1815ರಲ್ಲಿ ಪೇಟೆಂಟ್ ಪಡೆದ ಕಾಲದಿಂದಲೂ ಆ ಯಂತ್ರ ಹಾಡುವವರು ಓಡುತ್ತಿದ್ದಾರೆ ಎಂಬುದನ್ನು ತೋರಿಸುತ್ತ ಬಂದಿದೆ, ಏಕೆ ಓಡುತ್ತಿದ್ದಾರೆ ಎಂಬುದನ್ನು ಅದು ಹೇಳಲಾರದು. ಅದನ್ನು ನೀವು ಕಂಡುಹಿಡಿಯಬೇಕು.

ಅವಳು ಎಲ್ಲ ಕಡೆಯೂ ಒಂದೇ ಸಮನೆ ಓಡುತ್ತಾಳೆಯೇ, ಇಲ್ಲವೇ ಕೆಲವು ಜಾಗಗಳಲ್ಲಿ ಮಾತ್ರವೇ ಎಂಬುದನ್ನು ಮೊದಲು ಗಮನಿಸಿ. ಆದಿತಾಳದ ‘ಸ ರಿ ಗ ಮ ಪಾ ಸ ರಿ’ ಎಂಬ ವರಸೆಯನ್ನು ಹಾಡಿಸಿ ನೋಡಿ. ತಾಳದ ಮೊದಲ ಭಾಗವಾದ ಲಘುವಿನ ನಾಲ್ಕು ಅಕ್ಷರಗಳು ಸರಿಯಾಗಿ ಬರುತ್ತವೆ. ‘ಪಾ’ ಎಂಬ ಕಾರ್ವೆ (ಎಳೆದು ಹಿಡಿಯುವ ಸ್ವರ) ಮುಂದಿನ ಭಾಗವಾದ ಮೊದಲನೆಯ ದ್ರುತದ ಪೆಟ್ಟು ಮತ್ತು ಹುಸಿ (ಕೈ ತಿರುಗಿಸುವ ಎಣಿಕೆ) ಎರಡನ್ನೂ ತುಂಬಬೇಕು. ಓಡುವ ಶಿಷ್ಯರಲ್ಲಿ ಹಲವರು ಹುಸಿಗೆ ಪೂರ್ತಿ ಹೊತ್ತು ಕೊಡದೆ ಮುಂದಿನ ‘ಸ ರಿ’ಗೆ ಹಾರುತ್ತಾರೆ. ಇದಕ್ಕೆ ಎರಡು ಕಾರಣಗಳಿರಬಹುದು. ಉಸಿರು ಸಾಲದೆ ಕಾರ್ವೆಯನ್ನು ಮೊಟಕು ಮಾಡಿ ಅಲ್ಲಿಯೇ ಉಸಿರೆಳೆದುಕೊಳ್ಳುತ್ತಿರಬಹುದು, ಇಲ್ಲವೇ ಸ್ವರ ಬದಲಾಗದ ಹೊತ್ತನ್ನು ಖಾಲಿ ಎಂದು ತಿಳಿದು ದಾಟಲು ಅವಸರ ಪಡುತ್ತಿರಬಹುದು. ಯಾವುದೆಂದು ತಿಳಿಯಲು ಸುಲಭದ ಉಪಾಯವಿದೆ. ನೀವು ಹಾಡಿ, ಅವಳು ತಾಳ ಹಾಕಲಿ. ನೀವು ಕಾರ್ವೆಯನ್ನು ಹಿಡಿದಿರುವಾಗ ಅವಳ ಕೈ ಸ್ಥಿರವಾಗಿಯೇ ನಡೆದರೆ ಅವಳ ಲಯದಲ್ಲಿ ದೋಷವಿಲ್ಲ, ಉಸಿರಿನಲ್ಲಿದೆ. ಉಸಿರನ್ನು ಎಲ್ಲಿ ತೆಗೆದುಕೊಳ್ಳಬೇಕು ಎಂದು ಗುರುತು ಹಾಕಿ ಕೊಟ್ಟರೆ ಮುಗಿಯಿತು. ಹಾಡದಿದ್ದಾಗಲೂ ಕೈ ಓಡಿದರೆ ಅವಳು ಅಕ್ಷರಗಳನ್ನು ಎಣಿಸುತ್ತಿಲ್ಲ, ಸ್ವರಗಳನ್ನು ಹಿಂಬಾಲಿಸುತ್ತಿದ್ದಾಳೆ ಎಂದರ್ಥ. ಆಗ ಕೆಲವು ದಿನ ಹಾಡನ್ನು ಬದಿಗಿಟ್ಟು, ತಾಳ ಹಾಕುತ್ತ ಒಂದೇ ಷಡ್ಜವನ್ನು ಒಂದು ಆವರ್ತನ ಹಿಡಿಯುವುದು, ಮುಂದಿನ ಆವರ್ತನ ಮೌನವಾಗಿದ್ದು ಮತ್ತೆ ಸಮಕ್ಕೆ ಸರಿಯಾಗಿ ಬರುವುದು, ಇಷ್ಟನ್ನೇ ಮಾಡಿಸಿ.

ಮೆಟ್ರೊನೋಮ್ ಬೇಡವೆಂದಲ್ಲ. ಆದರೆ ಅದು ಲಯದ ಹೊಣೆಯನ್ನು ಶಿಷ್ಯರ ಕೈಯಿಂದ ತಾನು ವಹಿಸಿಕೊಳ್ಳುತ್ತದೆ. ತೆಗೆದ ಕೂಡಲೇ ಹಳೆಯ ಕಥೆ ಮರುಕಳಿಸುವುದು ಅದರಿಂದಲೇ.

ಪ್ರಶ್ನೆ: ‘ಮನೆಯಲ್ಲಿ ಸಾಧನೆ ಮಾಡು’ ಎಂದು ಪ್ರತಿಸಲ ಹೇಳುತ್ತೇನೆ. ಮಾಡುತ್ತೇವೆ ಎನ್ನುತ್ತಾರೆ, ತಂದೆತಾಯಿಯರೂ ಹೌದೆನ್ನುತ್ತಾರೆ. ಆದರೂ ಮುಂದಿನ ಪಾಠಕ್ಕೆ ಬಂದಾಗ ಏನೂ ಮುಂದುವರಿದಿರುವುದಿಲ್ಲ. ಸುಳ್ಳು ಹೇಳುತ್ತಿದ್ದಾರೆಯೇ?

ಉತ್ತರ: ಬಹುಶಃ ಇಲ್ಲ. ಸಾಧನೆ ಮಾಡುವುದು ಹೇಗೆಂದು ಅವರಿಗೆ ಯಾರೂ ಹೇಳಿಕೊಟ್ಟಿಲ್ಲ. ವರ್ಣವೆಂಬ ಉದ್ದದ ಅಭ್ಯಾಸ ರಚನೆಯೊಂದನ್ನು ಮನೆಯಲ್ಲಿ ಅಭ್ಯಾಸ ಮಾಡುವ ಶಿಷ್ಯರು ಪಲ್ಲವಿಯಿಂದ ಆರಂಭಿಸುತ್ತಾರೆ, ತಪ್ಪು ಬಂದ ಕಡೆ ನಿಲ್ಲಿಸುತ್ತಾರೆ, ಮತ್ತೆ ಪಲ್ಲವಿಯಿಂದ ಆರಂಭಿಸುತ್ತಾರೆ. ಹೀಗೆ ಗೊತ್ತಿರುವ ಪಲ್ಲವಿ ಇನ್ನಷ್ಟು ಹದವಾಗುತ್ತದೆ, ಎಲ್ಲಕ್ಕಿಂತ ಉದ್ದವಾದ ಕೊನೆಯ ಚರಣಸ್ವರ ಹಸಿಯಾಗಿಯೇ ಉಳಿಯುತ್ತದೆ. ಆ ಕೊನೆಯ ಸ್ವರದಿಂದಲೇ ಆರಂಭಿಸಿ ಹಿಂದಕ್ಕೆ ಬರುವಂತೆ ಹೇಳಿ. ಅಷ್ಟೂ ಸಾಲದು, ತೊಡಕು ಹೆಚ್ಚಾಗಿ ಇರುವುದು ಒಂದು ಸಾಲಿನೊಳಗಲ್ಲ, ಒಂದು ಸಾಲಿನ ಕೊನೆಯ ಸ್ವರದಿಂದ ಮುಂದಿನ ಸಾಲಿನ ಎಡುಪಿಗೆ (ಎತ್ತಿಕೊಳ್ಳುವ ಜಾಗಕ್ಕೆ) ಹೋಗುವ ಸಂದಿಯಲ್ಲಿ. ಆ ಸಂದಿಯನ್ನು ಮಾತ್ರ, ಹಿಂದಿನ ನಾಲ್ಕು ಮತ್ತು ಮುಂದಿನ ನಾಲ್ಕು ಅಕ್ಷರಗಳ ಸಮೇತ, ಪುಸ್ತಕದಲ್ಲಿ ಗುರುತು ಮಾಡಿಕೊಡಿ. ‘ಸಾಧನೆ ಮಾಡು’ ಎಂಬುದು ಹಾರೈಕೆ, ‘ಈ ಎಂಟು ಅಕ್ಷರಗಳನ್ನು ಮೊದಲು ಒಂದನೆಯ ಕಾಲದಲ್ಲಿ, ಆಮೇಲೆ ಎರಡನೆಯ ಕಾಲದಲ್ಲಿ ಹಾಡಿಕೊಂಡು ಬಾ’ ಎಂಬುದು ಪಾಠ.

ಇನ್ನೊಂದು ಸಂಗತಿಯೂ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಶೀ ಮತ್ತು ಮಾರ್ಗನ್ ಎಂಬ ಸಂಶೋಧಕರು 1979ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ ಕೆಲವರು ಮೂರು ಬಗೆಯ ಕೈಚಲನೆಗಳನ್ನು ಒಂದೊಂದಾಗಿ ಮುಗಿಸುತ್ತ ಅಭ್ಯಾಸ ಮಾಡಿದರು, ಉಳಿದವರು ಮೂರನ್ನೂ ಬೆರೆಸಿ ಮಾಡಿದರು. ಬೆರೆಸಿದವರು ಅಭ್ಯಾಸದ ಹೊತ್ತಿನಲ್ಲಿ ಹಿಂದೆ ಬಿದ್ದರು, ಆಮೇಲೆ ಪರೀಕ್ಷಿಸಿದಾಗ ಹೆಚ್ಚು ಉಳಿಸಿಕೊಂಡಿದ್ದವರು ಅವರೇ. ಅದು ಸಂಗೀತದ ಪ್ರಯೋಗವಲ್ಲ ನಿಜ, ಆದರೆ ಒಂದೇ ಸಾಲನ್ನು ಇಪ್ಪತ್ತು ಸಲ ಹಾಡಿ ‘ಬಂತು’ ಎಂದು ಎದ್ದುಹೋದ ಶಿಷ್ಯರು ಮರುದಿನ ಅದನ್ನು ಮರೆತಿರುವುದನ್ನು ಕಂಡ ಯಾವ ಶಿಕ್ಷಕರಿಗೂ ಅದು ಆಶ್ಚರ್ಯ ತರಲಾರದು. ತುಸು ಬಿಟ್ಟು, ನಡುವೆ ಬೇರೆ ಏನನ್ನಾದರೂ ಹಾಡಿ, ಮತ್ತೆ ಆ ಸಾಲಿಗೆ ಬರಲು ಹೇಳಿ. ನಿಮ್ಮ ಸ್ವಂತ ಸಾಧನೆಯಲ್ಲೂ ಇದನ್ನೊಮ್ಮೆ ಪ್ರಯತ್ನಿಸಬಹುದು; ಶಿಷ್ಯರಿಗೆ ಹೇಳುವ ಕ್ರಮವನ್ನು ನಾವು ಪಾಲಿಸುವುದು ಅಪರೂಪ.

ಪ್ರಶ್ನೆ: ಹದಿಮೂರು ವರ್ಷದ ಹುಡುಗನೊಬ್ಬನ ಧ್ವನಿ ಒಡೆದಿದೆ. ನಾನು ಹೆಂಗಸು, ಎತ್ತರದ ಐದೂವರೆ ಮನೆ ಶ್ರುತಿಯಲ್ಲಿ ಹೇಳಿಕೊಡುತ್ತೇನೆ. ಅವನಿಗೆ ಈಗ ಯಾವ ಶ್ರುತಿಯೂ ಹೊಂದುತ್ತಿಲ್ಲ. ಪಾಠ ನಿಲ್ಲಿಸುವುದು ವಾಸಿಯೇ?

ಉತ್ತರ: ನಿಲ್ಲಿಸಬೇಡಿ, ಆದರೆ ಹಳೆಯ ಪಾಠವನ್ನೇ ಹಾಗೆಯೇ ಮುಂದುವರಿಸಲೂ ಬೇಡಿ. ಆ ವಯಸ್ಸಿನಲ್ಲಿ ಹುಡುಗರ ಧ್ವನಿಪೆಟ್ಟಿಗೆ ದೊಡ್ಡದಾಗಿ, ಧ್ವನಿತಂತುಗಳು ಉದ್ದವೂ ದಪ್ಪವೂ ಆಗಿ, ಧ್ವನಿ ಸುಮಾರು ಒಂದು ಸ್ಥಾಯಿಯಷ್ಟು ಕೆಳಗಿಳಿಯುತ್ತದೆ. ಹುಡುಗಿಯರ ಧ್ವನಿಯೂ ಬದಲಾಗುತ್ತದೆ, ಆದರೆ ಇಳಿತ ಬಹಳ ಕಡಿಮೆ. ಬದಲಾವಣೆ ನಡೆಯುತ್ತಿರುವಾಗ ಮೇಲಿನ ಸ್ವರಗಳಿಗೆ ಎಳೆದಾಡಬಾರದು. ಅವನಿಗೆ ಸಲೀಸಾಗಿ ಬರುವ ಐದಾರು ಸ್ವರಗಳೊಳಗೆ ಹಾಡಿಸಿ. ಆ ಸ್ವರಗಳು ಎಲ್ಲಿವೆಯೋ ಅದಕ್ಕೆ ತಕ್ಕಂತೆ ಶ್ರುತಿಯನ್ನು ಆಗಾಗ ಬದಲಿಸಿ. ಲಯದ ಅಭ್ಯಾಸ, ರಾಗಗಳನ್ನು ಕೇಳಿ ಗುರುತಿಸುವುದು, ಕೇಳಿದ್ದನ್ನು ಸ್ವರ ಹಾಕಿ ಬರೆಯುವುದು ಇವಕ್ಕೆಲ್ಲ ಈ ಅವಧಿ ಚೆನ್ನಾಗಿ ಒದಗುತ್ತದೆ. ಧ್ವನಿ ನೆಲೆಗೊಂಡ ಮೇಲೆ ಅವನಿಗೆ ಒಂದೋ ಎರಡೋ ಮನೆಯ ಆಸುಪಾಸಿನ ತಗ್ಗಿನ ಶ್ರುತಿ ಹೊಂದಬಹುದು.

ನಿಮಗೆ ನಿಜವಾದ ಕಷ್ಟ ಬರುವುದು ಆಗ. ಅವನ ಶ್ರುತಿಯಲ್ಲಿ ನಿಮ್ಮ ಧ್ವನಿ ಮಂದ್ರದಲ್ಲಿ ಮುಳುಗುತ್ತದೆ, ತಾರದಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ. ಹಾಡಿ ತೋರಿಸುವುದು ಒಂದೇ ದಾರಿ ಎಂದು ನಂಬಿದ್ದ ಶಿಕ್ಷಕರು ಅಲ್ಲಿ ಬೇರೆ ದಾರಿ ಹುಡುಕಬೇಕಾಗುತ್ತದೆ: ಸ್ವರಗಳನ್ನು ಹೆಸರು ಹಿಡಿದು ಹೇಳುವುದು, ಕೈಯಲ್ಲಿ ಅಳತೆ ತೋರಿಸುವುದು, ವೀಣೆಯೋ ಪಿಟೀಲೋ ಬರುವುದಾದರೆ ಅದರಲ್ಲಿ ನುಡಿಸಿ ತೋರಿಸುವುದು. ಇದರಿಂದ ಒಂದು ಲಾಭವೂ ಇದೆ. ನಿಮ್ಮ ಕಂಠದ ಅನುಕರಣೆ ಸಾಧ್ಯವೇ ಇಲ್ಲದ ಕಾರಣ ಅವನು ನಿಮ್ಮ ನೆರಳಾಗದೆ ತನ್ನ ಕಂಠದಲ್ಲಿ ಹಾಡಲು ಬೇಗ ಕಲಿಯುತ್ತಾನೆ.

ಪ್ರಶ್ನೆ: ನನಗಿಂತ ಬಹಳ ಹಿರಿಯರೊಬ್ಬರು ನಿವೃತ್ತಿಯ ನಂತರ ಕಲಿಯಲು ಬರುತ್ತಿದ್ದಾರೆ. ತಿದ್ದಲು ಸಂಕೋಚವಾಗುತ್ತದೆ. ಮೇಲಾಗಿ ಪ್ರತಿಯೊಂದಕ್ಕೂ ‘ಏಕೆ’ ಎನ್ನುತ್ತಾರೆ.

ಉತ್ತರ: ಅವರು ಬಂದದ್ದೇ ತಿದ್ದಿಸಿಕೊಳ್ಳಲು; ನಿಮ್ಮ ಸಂಕೋಚದಿಂದ ಅವರಿಗೆ ನಷ್ಟ. ‘ನೀವು’ ಎಂದೇ ಕರೆಯಿರಿ, ತಪ್ಪನ್ನು ಮಾತ್ರ ಮಕ್ಕಳಿಗೆ ಹೇಳುವಷ್ಟೇ ಸ್ಪಷ್ಟವಾಗಿ ಹೇಳಿ. ಹಿರಿಯ ಕಲಿಕೆಯವರ ಕಷ್ಟ ಮಕ್ಕಳದಕ್ಕಿಂತ ಬೇರೆ. ಹಲವು ದಶಕ ಒಳ್ಳೆಯ ಸಂಗೀತ ಕೇಳಿರುವುದರಿಂದ ತಮ್ಮ ಧ್ವನಿ ಎಲ್ಲಿ ಕೊರೆಯಾಗುತ್ತಿದೆ ಎಂಬುದು ಅವರಿಗೆ ಮೊದಲ ದಿನದಿಂದಲೇ ಕೇಳಿಸುತ್ತದೆ, ಸರಿಪಡಿಸುವ ಶಕ್ತಿ ಇನ್ನೂ ಬಂದಿರುವುದಿಲ್ಲ. ಮಕ್ಕಳಿಗೆ ಆ ಕೊರೆ ಕೇಳಿಸುವುದೇ ಇಲ್ಲ, ಆದ್ದರಿಂದ ಅವರು ಧೈರ್ಯವಾಗಿ ಹಾಡುತ್ತಾರೆ. ಹಿರಿಯರು ಧ್ವನಿಯನ್ನು ಒಳಕ್ಕೆಳೆದುಕೊಳ್ಳುವುದನ್ನು ಅಳುಕು ಎನ್ನುವುದಕ್ಕಿಂತ ಕಿವಿ ಚುರುಕಾಗಿರುವುದರ ಫಲ ಎನ್ನಬೇಕು. ಅದನ್ನು ಅವರಿಗೆ ತಿಳಿಸಿ ಹೇಳಿದರೆ ಧ್ವನಿ ತೆರೆದುಕೊಳ್ಳುತ್ತದೆ.

‘ಏಕೆ’ ಎಂಬ ಪ್ರಶ್ನೆಯನ್ನು ಮಾತ್ರ ತಳ್ಳಿಹಾಕಬೇಡಿ. ಮೊದಲ ಪಾಠ ಮಾಯಾಮಾಳವಗೌಳದಲ್ಲೇ ಏಕೆ ಎಂದು ಅವರು ಕೇಳಿಯೇ ಕೇಳುತ್ತಾರೆ. ಪುರಂದರದಾಸರು ಹಾಕಿಕೊಟ್ಟ ಕ್ರಮ ಎಂಬ ಪರಂಪರೆಯ ಮಾತನ್ನು ಹೇಳಿ ಅಲ್ಲಿಗೆ ಬಿಡದೆ, ಆ ರಾಗದ ರಚನೆಯನ್ನೂ ತೋರಿಸಿ. ಅದರಲ್ಲಿ ‘ಸ ರಿ ಗ ಮ’ ಇರುವ ಅಳತೆಯಲ್ಲಿಯೇ ‘ಪ ದ ನಿ ಸ’ ಇದೆ: ಒಂದು ಹೆಜ್ಜೆ, ಮೂರು ಹೆಜ್ಜೆ, ಮತ್ತೆ ಒಂದು ಹೆಜ್ಜೆ. ಪೂರ್ವಾಂಗವನ್ನು ಕಲಿತವರಿಗೆ ಉತ್ತರಾಂಗ ಅರ್ಧ ಬಂದಂತೆಯೇ. ಅತಿ ಸಣ್ಣ ಅಂತರವೂ ದೊಡ್ಡ ಅಂತರವೂ ಅಕ್ಕಪಕ್ಕದಲ್ಲಿ ಬರುವುದರಿಂದ ಕಿವಿಗೆ ಎರಡರ ಭೇದವೂ ಬೇಗ ತಿಳಿಯುತ್ತದೆ. ಇಂತಹ ಉತ್ತರವನ್ನು ಹುಡುಕಿಕೊಳ್ಳುವಂತೆ ಮಕ್ಕಳು ನಮ್ಮನ್ನು ಒತ್ತಾಯಿಸುವುದಿಲ್ಲ. ವಾರಕ್ಕೊಬ್ಬರಾದರೂ ‘ಏಕೆ’ ಎನ್ನುವವರು ಬರುವುದು ಶಿಕ್ಷಕರಿಗೆ ಒಳ್ಳೆಯದು.

ಪ್ರಶ್ನೆ: ಪಾಠದ ಹೊತ್ತಿನಲ್ಲಿ ತಾಯಂದಿರು ಪಕ್ಕದಲ್ಲೇ ಕೂರಬಹುದೇ?

ಉತ್ತರ: ಚಿಕ್ಕ ಮಕ್ಕಳಾದರೆ ಕೂರಲಿ. ಜಪಾನಿನ ಪಿಟೀಲು ಶಿಕ್ಷಕ ಶಿನಿಚಿ ಸುಜುಕಿ ತಮ್ಮ ಪದ್ಧತಿಯಲ್ಲಿ ತಂದೆ ಅಥವಾ ತಾಯಿ ಪಾಠಕ್ಕೆ ಬರುವುದನ್ನು, ಆರಂಭದ ಪಾಠಗಳನ್ನು ತಾವೂ ಕಲಿಯುವುದನ್ನು ಮುಖ್ಯ ಭಾಗವಾಗಿಯೇ ಇಟ್ಟುಕೊಂಡಿದ್ದರು. ಷರತ್ತು ಒಂದೇ: ನೀವು ತಿದ್ದುವ ಮೊದಲು ಅವರು ತಿದ್ದಬಾರದು.

ಪ್ರಶ್ನೆ: ನನ್ನ ಶಿಷ್ಯನೊಬ್ಬ ಸ್ವರಗಳನ್ನು ಆಗಿಂದಾಗಲೇ ಕಲ್ಪಿಸಿ ಹಾಡುವ ಕಲ್ಪನಾಸ್ವರದಲ್ಲಿ ನನ್ನನ್ನು ಮೀರಿಸುತ್ತಿದ್ದಾನೆ. ಸಂತೋಷವೂ ಆಗುತ್ತದೆ, ಒಳಗೆ ಏನೋ ಕಸಿವಿಸಿಯೂ ಆಗುತ್ತದೆ. ಅವನನ್ನು ಬೇರೆ ವಿದ್ವಾಂಸರ ಬಳಿಗೆ ಕಳಿಸಬೇಕೇ?

ಉತ್ತರ: ಕಸಿವಿಸಿ ಸಹಜವಾದುದು, ಅದಕ್ಕೆ ನಾಚಬೇಕಾಗಿಲ್ಲ, ಅವನ ಪಾಠಕ್ಕೆ ಅದು ತಡೆಯಾಗದಿದ್ದರೆ ಸಾಕು. ಬೀಥೋವನ್‌ನಿಂದ ಕಲಿತ ಪಿಯಾನೋ ಶಿಕ್ಷಕ ಚೆರ್ನಿ, ಮುಂದೆ ಮಹಾ ವಾದಕನಾದ ಬಾಲಕ ಲಿಸ್ಟ್‌ನ ಪ್ರತಿಭೆಯನ್ನು ಕಂಡು ಶುಲ್ಕವನ್ನೂ ತೆಗೆದುಕೊಳ್ಳದೆ ಕಲಿಸಿದವನು, ಆದರೆ ಬೆರಳುಗಳ ಶಿಸ್ತಿನಲ್ಲಿ ಕಿಂಚಿತ್ತೂ ರಿಯಾಯಿತಿ ಕೊಡಲಿಲ್ಲ. ಪ್ರತಿಭೆ ಮುಂದೆ ಓಡುವಾಗ ಶಿಕ್ಷಕರು ಮಾಡಬಹುದಾದ ಕೆಲಸ ಇನ್ನೂ ಉಳಿದಿರುತ್ತದೆ. ನಿಮ್ಮ ಶಿಷ್ಯ ಕಲ್ಪನಾಸ್ವರದಲ್ಲಿ ಮುಂದಿರಬಹುದು. ವಿಳಂಬ ಕಾಲದ ಕೃತಿಯನ್ನು ಅವಸರವಿಲ್ಲದೆ ನಿಲ್ಲಿಸಬಲ್ಲನೇ, ಸಾಹಿತ್ಯದ ಪದಗಳನ್ನು ಮುರಿಯದೆ ಹಾಡಬಲ್ಲನೇ, ನಿಮ್ಮ ಬಳಿ ಇರುವ ಕೃತಿಗಳ ಪಾಠ ಪೂರ್ತಿ ಅವನಿಗೆ ಸಂದಿದೆಯೇ ಎಂದು ನೋಡಿ. ಇವುಗಳಲ್ಲಿ ಕೊಡುವುದು ಉಳಿದಿದ್ದರೆ ಕೊಡುತ್ತಲೇ, ಸ್ವಂತ ಕಲ್ಪನೆಯಿಂದ ಹಾಡುವ ಮನೋಧರ್ಮದ ಪಾಠಕ್ಕೆ ಮಾತ್ರ ಬೇರೊಬ್ಬರ ಬಳಿಗೆ ಕಳಿಸಬಹುದು. ಕಳಿಸುವ ಮೊದಲು ಆ ವಿದ್ವಾಂಸರೊಡನೆ ನೀವೇ ಮಾತನಾಡಿ, ಯಾರು ಏನನ್ನು ಹೇಳಿಕೊಡುವುದು ಎಂದು ನಿಶ್ಚಯಿಸಿಕೊಳ್ಳಿ, ಇಲ್ಲದಿದ್ದರೆ ಒಂದೇ ಕೃತಿಗೆ ಎರಡು ಪಾಠಾಂತರಗಳ ನಡುವೆ ಹುಡುಗ ಸಿಕ್ಕಿಕೊಳ್ಳುತ್ತಾನೆ. ಅವನು ಅಲ್ಲಿಂದ ಕಲಿತು ಬಂದ ಸ್ವರಪ್ರಸ್ತಾರವನ್ನು ನಿಮ್ಮೆದುರಿಗೆ ಹಾಡಿಸಿ, ಹೇಗೆ ಲೆಕ್ಕ ಹಾಕಿದೆ ಎಂದು ಕೇಳಿ. ಅವನು ವಿವರಿಸುವಾಗ ತಾಳ ಹಾಕುವ ಕೆಲಸ ನಿಮ್ಮದಾಗಲಿ.